ಕಡಲ ದಂಡೆಯ ರಜೆಯಲ್ಲಿ ಗೂಬೆ ಮರಿ ಸಿಕ್ಕರೆ: ಕೈ ಹಾಕುವ ಮುಂಚೆ ಮಾಡಬೇಕಾದ್ದು

ಒಂದು ರಜೆಯಲ್ಲಿ ಕಡಲ ದಂಡೆಯ ಹಳೇ ಮನೆಯೊಂದರಲ್ಲಿ ವಾರದ ಮಟ್ಟಿಗೆ ಉಳಿದುಕೊಂಡಿದ್ದೆವು. ಎರಡನೇ ದಿನ ಬೆಳಿಗ್ಗೆ ಪಕ್ಕದ ಶೆಡ್ಡಿನ ಮಾಡು ರಿಪೇರಿಗೆ ಕೆಲಸದವರು ಬಂದರು. ಹಳೇ ಹಲಗೆಯೊಂದನ್ನು ಕಿತ್ತಾಗ ಅದರ ಹಿಂದಿನಿಂದ ಮೂರು ಗೂಬೆ ಮರಿಗಳು ಉರುಳಿ ಮರಳಿನ ಮೇಲೆ ಬಿದ್ದವು. ಹತ್ತಿಯ ಉಂಡೆಗಳ ಹಾಗಿದ್ದವು. ಒಂದು ದೊಡ್ಡದು, ಒಂದು ಮಧ್ಯಮ, ಒಂದು ತೀರಾ ಚಿಕ್ಕದು. ದೊಡ್ಡದು ತಲೆ ತಗ್ಗಿಸಿ, ರೆಕ್ಕೆ ಅಗಲಿಸಿ, ಹಾವಿನ ಹಾಗೆ ಬುಸುಗುಟ್ಟಿತು. ಚಿಕ್ಕದು ಮಾತ್ರ ಅರೆಗಣ್ಣು ಮುಚ್ಚಿ ಸುಮ್ನೆ ಬಿದ್ದಿತ್ತು.

ಐದೇ ನಿಮಿಷದಲ್ಲಿ ನಮ್ಮಲ್ಲೊಬ್ಬರು ಬಟ್ಟಲಲ್ಲಿ ಹಾಲು ತಂದರು. ಇನ್ನೊಬ್ಬರು ಬ್ರೆಡ್ಡು ತಂದರು. ಮಕ್ಕಳು ಎತ್ತಿಕೊಳ್ಳಲು ಕೈ ಚಾಚಿದರು. ಎಲ್ಲರದ್ದೂ ಒಳ್ಳೇ ಮನಸ್ಸೇ. ಆದರೆ ಈ ಮೂರೂ ಆ ಮರಿಗಳಿಗೆ ಅಪಾಯ ಅಂತ ಯಾರಿಗೂ ಗೊತ್ತಿರಲಿಲ್ಲ. ಹತ್ತಿರದ ವನ್ಯಜೀವಿ ರಕ್ಷಣಾ ಕೇಂದ್ರಕ್ಕೆ ಫೋನ್ ಮಾಡಿದೆ. ಆ ಕಡೆಯಿಂದ ಬಂದ ಮೊದಲ ಮಾತು ಇಷ್ಟು: "ಏನೂ ತಿನ್ನಿಸಬೇಡಿ. ಎಲ್ಲರೂ ಹಿಂದೆ ಸರಿಯಿರಿ. ಈಗ ಏನು ಕಾಣ್ತಿದೆ, ಅದನ್ನು ಹೇಳಿ."

ಮೊದಲು ನೋಡು, ಆಮೇಲೆ ಕೇಳು, ಕೊನೆಗೆ ಮುಟ್ಟು. ಆವತ್ತು ಕಲಿತ ಈ ಕ್ರಮ ಆ ಇಡೀ ವಾರ ಕಡಲ ದಂಡೆಯಲ್ಲಿ ಮತ್ತೆ ಮತ್ತೆ ಕೆಲಸಕ್ಕೆ ಬಂತು. ಅದನ್ನೇ ಇಲ್ಲಿ ಹಂತ ಹಂತವಾಗಿ ಬರೆಯುತ್ತಿದ್ದೇನೆ.

ಹೊರಡುವ ಮುಂಚೆ

ನೀವು ಹೋಗುವ ಜಾಗಕ್ಕೆ ಹತ್ತಿರದ ವನ್ಯಜೀವಿ ರಕ್ಷಣಾ ಕೇಂದ್ರ ಯಾವುದು, ಕಡಲ ಪ್ರಾಣಿ ದಡಕ್ಕೆ ಬಿದ್ದರೆ ಯಾರಿಗೆ ಹೇಳಬೇಕು, ಈ ಎರಡು ನಂಬರ್ ಮೊದಲೇ ಫೋನಿನಲ್ಲಿ ಹಾಕಿಟ್ಟುಕೊಳ್ಳಿ. ಎಷ್ಟೋ ದಂಡೆಗಳಲ್ಲಿ ಸಿಗ್ನಲ್ ಸಿಗೋದಿಲ್ಲ, ಅಲ್ಲಿ ಹುಡುಕುತ್ತಾ ಕೂರೋಕೆ ಆಗೋದಿಲ್ಲ. ಆ ವಾರದ ಉಬ್ಬರ-ಇಳಿತದ ಪಟ್ಟಿಯನ್ನೂ ನೋಡಿಕೊಳ್ಳಿ. ಬ್ಯಾಗಿಗೆ ಒಂದು ಹಳೇ ಟವೆಲ್, ದಪ್ಪ ಕೈಗವಸು, ಮಡಚಿದ ರಟ್ಟಿನ ಪೆಟ್ಟಿಗೆ, ಕೆಂಪು ಬೆಳಕಿನ ಟಾರ್ಚ್ ಹಾಕಿಕೊಳ್ಳಿ. ಬೈನಾಕ್ಯುಲರ್ ಇದ್ದರೆ ತುಂಬಾ ಒಳ್ಳೇದು. 8x42 ಅಂತ ಬರೆದಿರುವುದು ಮುಸ್ಸಂಜೆಯಲ್ಲೂ ಚೆನ್ನಾಗಿ ಕಾಣಿಸುತ್ತದೆ. ಹತ್ತಿರ ಹೋಗದೇ ಹತ್ತಿರದಿಂದ ನೋಡೋಕೆ ಅದಕ್ಕಿಂತ ಒಳ್ಳೇ ದಾರಿ ಇಲ್ಲ.

ಮೊದಲ ಹಂತ: ದೂರ ನಿಂತು ನೋಡಿ

ಗೂಬೆ ಮರಿ ನೆಲದ ಮೇಲೆ ಕಂಡ ಕೂಡಲೇ ಅದು ಅನಾಥ ಅಂದುಕೊಳ್ಳಬೇಡಿ. ನಾಯಿ ಬೆಕ್ಕುಗಳನ್ನು ಒಳಗೆ ಕಟ್ಟಿ, ಮಕ್ಕಳನ್ನು ಕರೆದುಕೊಂಡು, ಇಪ್ಪತ್ತು ಮೂವತ್ತು ಹೆಜ್ಜೆ ಹಿಂದೆ ಬನ್ನಿ. ಹತ್ತು ನಿಮಿಷ ನೋಡಿ. ಮೇಲೆ ಮರ ಇದೆಯಾ? ಪೊಟರೆ, ಮಾಡಿನ ಸಂದಿ, ಹಳೇ ಗೋಡೆಯ ತೂತು ಇದೆಯಾ? ಕೆಳಗೆ ಬಿಳಿ ಹಿಕ್ಕೆ ಬಿದ್ದಿದೆಯಾ? ಕೂದಲು ಮೂಳೆ ಸೇರಿದ ಬೂದು ಉಂಡೆಗಳಿವೆಯಾ? ಗೂಬೆ ಚಿಕ್ಕ ಬೇಟೆಯನ್ನು ಇಡಿಯಾಗಿ ನುಂಗುತ್ತದೆ, ಜೀರ್ಣವಾಗದ ಕೂದಲು ಮೂಳೆಯನ್ನು ಉಂಡೆ ಮಾಡಿ ಬಾಯಿಂದ ಹೊರಗೆ ಹಾಕುತ್ತದೆ. ಅಂಥ ಉಂಡೆ ಸಿಕ್ಕರೆ ಗೂಡೋ ಗೂಬೆ ಕೂರುವ ಜಾಗವೋ ಹತ್ತಿರದಲ್ಲೇ ಇದೆ ಅಂತ ಲೆಕ್ಕ.

ಹಗಲಲ್ಲಿ ತಾಯಿ ತಂದೆ ಕಾಣಲಿಲ್ಲ ಅಂತ ಗಾಬರಿ ಬೇಡ. ಅವು ಎಲ್ಲೋ ಎಲೆ ಮರೆಯಲ್ಲಿ ಕೂತು ನಿಮ್ಮನ್ನೇ ನೋಡುತ್ತಿರಬಹುದು.

ಎರಡನೇ ಹಂತ: ಯಾವ ಬಗೆಯ ಗೂಬೆ ಅಂತ ತಿಳಿಯಿರಿ

ಇದು ಎಲ್ಲಕ್ಕಿಂತ ಮುಖ್ಯ. ಯಾಕೆಂದರೆ ಒಂದು ಬಗೆಯ ಗೂಬೆಗೆ ಸರಿಯಾದ ಉಪಾಯ ಇನ್ನೊಂದಕ್ಕೆ ತಪ್ಪಾಗುತ್ತದೆ.

ಮರದಲ್ಲಿ ಗೂಡು ಮಾಡುವ ಎಷ್ಟೋ ಗೂಬೆಗಳ ಮರಿಗಳು ಹಾರಲು ಬರುವ ಮುಂಚೆಯೇ ಗೂಡು ಬಿಡುತ್ತವೆ. ಯುರೋಪಿನ ಟಾನಿ ಗೂಬೆಯ ಮರಿ ಸುಮಾರು 25ರಿಂದ 30 ದಿನಕ್ಕೇ ಹೊರಗೆ ಬರುತ್ತದೆ. ಅಮೆರಿಕದ ದೊಡ್ಡ ಕೊಂಬಿನ ಗೂಬೆಯ ಮರಿ ಆರು ವಾರಕ್ಕೆ ಕೊಂಬೆಗೆ ಬಂದರೂ ಸರಿಯಾಗಿ ಹಾರೋದು ಒಂಬತ್ತು ಹತ್ತು ವಾರಕ್ಕೆ. ಈ ನಡುವೆ ಅವು ಕೊಂಬೆಯಿಂದ ಕೊಂಬೆಗೆ ತಡವರಿಸುತ್ತವೆ, ಕೆಲವೊಮ್ಮೆ ಕೆಳಗೂ ಬೀಳುತ್ತವೆ. ಕೊಕ್ಕು, ಉಗುರು, ರೆಕ್ಕೆ ಮೂರನ್ನೂ ಬಳಸಿ ಮತ್ತೆ ಮರ ಹತ್ತುತ್ತವೆ. ಒರಟು ತೊಗಟೆಯ ಮರವನ್ನು ಇಂಥ ಮರಿ ಹತ್ತೋದನ್ನು ನೋಡಿದರೆ ನಂಬೋಕೆ ಆಗೋದಿಲ್ಲ. ಅಂಥ ಮರಿಗೆ ನೀವು ಮಾಡಬೇಕಾದ್ದು ಇಷ್ಟೇ: ದಾರಿ ಬಿಟ್ಟುಕೊಡಿ. ರಸ್ತೆ ಪಕ್ಕದಲ್ಲೋ ನಾಯಿ ಓಡಾಡುವ ಜಾಗದಲ್ಲೋ ಇದ್ದರೆ ಟವೆಲಿನಲ್ಲಿ ಹಿಡಿದು ಹತ್ತಿರದ ಎತ್ತರದ ಕೊಂಬೆಯ ಮೇಲೆ ಕೂರಿಸಿ ಬಂದುಬಿಡಿ.

ಕಣಜ ಗೂಬೆಯ ಕಥೆ ಬೇರೆ. ಹೃದಯದ ಆಕಾರದ ಬಿಳಿ ಮುಖದ ಗೂಬೆ ಅದು. ಹಳೇ ಕಟ್ಟಡ, ಮಾಡು, ಪೊಟರೆಗಳಲ್ಲಿ ಮೊಟ್ಟೆ ಇಡುತ್ತದೆ. ಇದರ ಮರಿ ಗೂಡಿನಿಂದ ಕೆಳಗೆ ಬಿದ್ದರೆ ದೊಡ್ಡ ಗೂಬೆಗಳು ಸಾಮಾನ್ಯವಾಗಿ ನೆಲಕ್ಕೆ ಬಂದು ಉಣಿಸೋದಿಲ್ಲ. ಅದನ್ನು ಹಾಗೇ ಬಿಟ್ಟರೆ ಉಪವಾಸ ಬಿದ್ದು ಸಾಯುತ್ತದೆ. ಹಾಗಾಗಿ ಕಣಜ ಗೂಬೆಯ ಮರಿಯನ್ನು ಗೂಡಿಗೆ ವಾಪಸ್ ಇಡಲೇಬೇಕು. ನಮ್ಮೆದುರು ಬಿದ್ದಿದ್ದವು ಇವೇ.

ಮೂರಕ್ಕೂ ಮೂರು ಅಳತೆ ಯಾಕೆ ಅಂತ ಮಕ್ಕಳು ಕೇಳಿದರು. ಕಣಜ ಗೂಬೆ ಎರಡು ಮೂರು ದಿನಕ್ಕೊಂದರಂತೆ ಮೊಟ್ಟೆ ಇಡುತ್ತದೆ, ಆದರೆ ಮೊದಲ ಮೊಟ್ಟೆ ಇಟ್ಟ ಕೂಡಲೇ ಕಾವಿಗೆ ಕೂರುತ್ತದೆ. ಅದಕ್ಕೇ ಮೊದಲ ಮರಿಗೂ ಕೊನೆಯ ಮರಿಗೂ ಹತ್ತು ದಿನಕ್ಕಿಂತ ಜಾಸ್ತಿ ವ್ಯತ್ಯಾಸ ಇರಬಹುದು. ಚಿಕ್ಕದಾಗಿದೆ ಅಂದ ಮಾತ್ರಕ್ಕೆ ಅದು ರೋಗದ ಮರಿ ಅಲ್ಲ. ದೊಡ್ಡ ಮರಿಗಳು ಕೆಲವೊಮ್ಮೆ ತಮ್ಮ ಪಾಲಿನ ಇಲಿಯನ್ನು ಚಿಕ್ಕವಕ್ಕೆ ಕೊಡೋದೂ ಉಂಟು.

ಕಡಲ ದಂಡೆಯಲ್ಲಿ ಇನ್ನೊಂದು ಸಂಗತಿ ನೆನಪಿರಲಿ. ಗಿಡ್ಡ ಕಿವಿಯ ಗೂಬೆ ಗೂಡು ಮಾಡೋದೇ ನೆಲದ ಮೇಲೆ, ದಿಬ್ಬದ ಹುಲ್ಲಿನ ನಡುವೆ. ಅಮೆರಿಕದ ಬಿಲಗೂಬೆ ನೆಲದೊಳಗಿನ ಬಿಲದಲ್ಲಿ ಇರುತ್ತದೆ. ಮರಳು ದಿಬ್ಬದ ಹುಲ್ಲಿನಲ್ಲಿ ಮರಿಗಳು ಗುಂಪಾಗಿ ಕೂತಿದ್ದರೆ ಅವು ಬಿದ್ದವಲ್ಲ, ಮನೆಯಲ್ಲೇ ಇವೆ. ಬಂದ ದಾರಿಯಲ್ಲೇ ಮೆಲ್ಲಗೆ ಹಿಂದೆ ಬನ್ನಿ.

ಮೂರನೇ ಹಂತ: ಗಾಯ ಇದೆಯಾ?

ರೆಕ್ಕೆ ಜೋತುಬಿದ್ದಿದ್ದರೆ, ರಕ್ತ ಕಂಡರೆ, ನೊಣ ಮುತ್ತಿದ್ದರೆ, ಹತ್ತಿರ ಹೋದರೂ ಬುಸುಗುಟ್ಟದೆ ಕುಸಿದು ಬಿದ್ದಿದ್ದರೆ, ಮುಟ್ಟಿದಾಗ ಮೈ ತಣ್ಣಗಿದ್ದರೆ ಅದಕ್ಕೆ ಡಾಕ್ಟರ್ ಬೇಕು. ಬೆಕ್ಕು ಕಚ್ಚಿದ್ದರಂತೂ ಗಾಯ ಕಾಣದಿದ್ದರೂ ಬೇಕು. ಬೆಕ್ಕಿನ ಬಾಯಲ್ಲಿರುವ ಬ್ಯಾಕ್ಟೀರಿಯಾ ಸೂಜಿ ಮೊನೆಯಷ್ಟು ತೂತಿನಿಂದಲೂ ರಕ್ತಕ್ಕೆ ಸೇರುತ್ತದೆ. ಔಷಧ ತಡವಾದರೆ ಹಕ್ಕಿ ಉಳಿಯೋದು ಕಷ್ಟ.

ಬುಸುಗುಟ್ಟಿ, ಕೊಕ್ಕು ಕಟಕಟ ಅನ್ನಿಸಿ ಹೆದರಿಸುವ ಮರಿ ಚೆನ್ನಾಗಿದೆ ಅಂತಲೇ ಅರ್ಥ. ನಮ್ಮ ದೊಡ್ಡ ಮರಿಯೂ ಮಧ್ಯಮದ್ದೂ ಹೀಗೇ ಮಾಡಿದವು. ಚಿಕ್ಕದರ ಹೊಟ್ಟೆ ಮಾತ್ರ ತಣ್ಣಗಿತ್ತು.

ನಾಲ್ಕನೇ ಹಂತ: ಎತ್ತುವುದು, ಪೆಟ್ಟಿಗೆಯಲ್ಲಿಡುವುದು

ಗೂಬೆಯ ಕೊಕ್ಕಿಗಿಂತ ಕಾಲಿಗೆ ಹೆದರಬೇಕು. ಟವೆಲನ್ನು ತಲೆಯೂ ಸೇರಿ ಇಡೀ ಮೈ ಮುಚ್ಚುವ ಹಾಗೆ ಮೇಲಿನಿಂದ ಹಾಕಿ. ಕತ್ತಲಾದ ಕೂಡಲೇ ಅದು ಸುಮ್ಮನಾಗುತ್ತದೆ. ಎರಡೂ ಕೈಯಿಂದ ರೆಕ್ಕೆಗಳನ್ನು ಮೈಗೆ ಸೇರಿಸಿ, ಕಾಲು ಕೆಳಮುಖ ಇರುವ ಹಾಗೆ ಮೆತ್ತಗೆ ಎತ್ತಿ. ರೆಕ್ಕೆ ಹಿಡಿದು ಎತ್ತಲೇಬಾರದು. ದೊಡ್ಡ ಮರಿಯನ್ನು ಎತ್ತಿದಾಗ ಟವೆಲಿನ ಅಂಚಿನಿಂದ ಒಂದು ರೆಕ್ಕೆ ಕಂಡಿತು. ಗರಿಗಳು ಇನ್ನೂ ಬಿಚ್ಚಿರಲಿಲ್ಲ. ಪೆನ್ನಿನ ರೀಫಿಲ್ಲಿನಂಥ ನೀಲಿ ಕೊಳವೆಗಳು ಸಾಲಾಗಿದ್ದವು, ಒಂದೊಂದರ ತುದಿಯಲ್ಲೂ ಚೂರೇ ಚೂರು ಕಂದು ಗರಿ ಇಣುಕುತ್ತಿತ್ತು. ಬೆಳೆಯುವ ಗರಿಯ ಆ ಕೊಳವೆಯಲ್ಲಿ ರಕ್ತ ಹರಿಯುತ್ತಿರುತ್ತದೆ. ಮುರಿದರೆ ನಿಲ್ಲದೆ ಸುರಿಯುತ್ತದೆ. ಅದನ್ನು ನೋಡಿದ ಮೇಲೆ ನನ್ನ ಕೈ ತಾನಾಗೇ ಸಡಿಲವಾಯಿತು.

ಪೆಟ್ಟಿಗೆಗೆ ಗಾಳಿ ಆಡುವ ತೂತು ಮಾಡಿ. ಒಳಗೆ ಬಟ್ಟೆ ಹಾಸಿ. ದಾರ ಕಿತ್ತುಬರುವ ಬಟ್ಟೆ ಬೇಡ, ಉಗುರಿಗೆ ಸಿಕ್ಕಿಕೊಳ್ಳುತ್ತದೆ. ಮುಚ್ಚಳ ಮುಚ್ಚಿ ಕತ್ತಲಾದ, ಸದ್ದಿಲ್ಲದ ಕೋಣೆಯಲ್ಲಿಡಿ. ತಣ್ಣಗಾದ ಪುಟ್ಟ ಮರಿ ಆಗಿದ್ದರೆ ಬಾಟಲಿಗೆ ಬಿಸಿನೀರು ತುಂಬಿ, ಬಟ್ಟೆ ಸುತ್ತಿ, ಪೆಟ್ಟಿಗೆಯ ಒಂದೇ ಬದಿಗೆ ಇಡಿ. ಸೆಕೆ ಆದರೆ ಅದು ಇನ್ನೊಂದು ಬದಿಗೆ ಸರಿಯಲು ಜಾಗ ಇರಬೇಕು. ಪದೇ ಪದೇ ತೆಗೆದು ನೋಡೋದು, ಫೋಟೋ ತೆಗೆಯೋದು, ಮೈ ಸವರೋದು ಬೇಡ. ನಮಗೆ ಮುದ್ದು ಅನ್ನಿಸುವ ಸ್ಪರ್ಶ ಅದಕ್ಕೆ ಬೇಟೆಗಾರನ ಕೈ.

ಈಗ ಹಾಲಿನ ವಿಷಯ. ಹಕ್ಕಿಗೆ ಹಾಲು ಜೀರ್ಣವಾಗೋದಿಲ್ಲ. ಬ್ರೆಡ್ಡಿನಿಂದ ಗೂಬೆಗೆ ಏನೂ ಪ್ರಯೋಜನವಿಲ್ಲ. ನೀರನ್ನಂತೂ ಬಾಯಿಗೆ ಹನಿಸಲೇಬಾರದು. ನಾಲಿಗೆಯ ಬುಡದಲ್ಲೇ ಉಸಿರಿನ ತೂತು ಇರುತ್ತದೆ. ಹನಿಸಿದ ನೀರು ನೇರ ಶ್ವಾಸಕೋಶಕ್ಕೆ ಹೋಗಬಹುದು. ಗೂಬೆಗೆ ಬೇಕಾದ ನೀರು ಬಹುಪಾಲು ಬೇಟೆಯಲ್ಲೇ ಸಿಗುತ್ತದೆ. ಬರೀ ಮಾಂಸದ ತುಂಡೂ ಸಾಲದು. ಇಲಿಯ ಮೂಳೆಯಲ್ಲಿನ ಸುಣ್ಣದ ಅಂಶ ಸಿಗದಿದ್ದರೆ ಬೆಳೆಯುವ ಮರಿಯ ಮೂಳೆ ಮೆತ್ತಗಾಗಿ ಬಾಗುತ್ತದೆ. ಅದಕ್ಕಿಂತ ಮುಖ್ಯ, ಮೈ ತಣ್ಣಗಿರುವ ಮರಿಗೆ ತಿಂದದ್ದು ಜೀರ್ಣವೇ ಆಗೋದಿಲ್ಲ. ಮೊದಲು ಬೆಚ್ಚಗಾಗಬೇಕು. ಊಟದ ಚಿಂತೆ ಕೇಂದ್ರದವರಿಗೆ ಬಿಡಿ. ಕೆಲವು ಗಂಟೆ ಹಸಿದಿದ್ದರೆ ಮರಿ ಸಾಯೋದಿಲ್ಲ.

ಐದನೇ ಹಂತ: ಗೂಡಿಗೆ ವಾಪಸ್

ಮನುಷ್ಯ ಮುಟ್ಟಿದರೆ ತಾಯಿ ಮರಿಯನ್ನು ಸೇರಿಸಿಕೊಳ್ಳೋದಿಲ್ಲ ಅನ್ನೋ ಮಾತು ಎಲ್ಲ ಕಡೆ ಕೇಳುತ್ತದೆ. ಗೂಬೆಯ ವಿಷಯದಲ್ಲಿ ಇದು ಸುಳ್ಳು. ಗೂಬೆಗಳು ಮರಿಯನ್ನು ಮೂಸಿ ಬೇಡ ಅನ್ನೋದಿಲ್ಲ. ಮರಿಯ ಕೂಗು ಕೇಳಿ ಬರುತ್ತವೆ. ಈ ಒಂದು ತಪ್ಪು ನಂಬಿಕೆಯಿಂದ ಎಷ್ಟೋ ಮರಿಗಳು ಸುಮ್ನೆ ತಾಯಿಯಿಂದ ದೂರವಾಗಿವೆ.

ಗೂಡು ಕೈಗೆಟುಕಿದರೆ ಅಲ್ಲೇ ಇಡಿ. ಗೂಡು ಹಾಳಾಗಿದ್ದರೆ ಅದೇ ಜಾಗದಲ್ಲಿ, ಆಗದಿದ್ದರೆ ಆದಷ್ಟು ಹತ್ತಿರ, ಅಷ್ಟೇ ಎತ್ತರದಲ್ಲಿ ಮರದ ಪೆಟ್ಟಿಗೆ ಕಟ್ಟಿ. ಮರಿ ಹೊರಗೆ ಉರುಳದ ಹಾಗೆ ಅಂಚು ಎತ್ತರ ಇರಲಿ. ಕೇಂದ್ರದವರನ್ನು ಕೇಳಿಯೇ ಮಾಡಿ, ಏಣಿ ಹತ್ತುವಾಗ ಕೆಳಗೆ ಒಬ್ಬರು ಹಿಡಿದುಕೊಂಡಿರಲಿ. ನಮ್ಮಲ್ಲಿ ಕೆಲಸದವರೇ ಮುಂದೆ ಬಂದು ಅದೇ ಮೂಲೆಯಲ್ಲಿ ಹಣ್ಣಿನ ಮರದ ಪೆಟ್ಟಿಗೆಯೊಂದನ್ನು ಬಿಗಿದರು. ದೊಡ್ಡ ಎರಡು ಮರಿ ಅದರೊಳಗೆ ಹೋದವು. ಚಿಕ್ಕದನ್ನು ಕೇಂದ್ರದವರು ಬಂದು ಕರೆದುಕೊಂಡು ಹೋದರು.

ಸಂಜೆ ದೂರದಲ್ಲಿ ಕೂತು ಕಾಯಬೇಕು. ಲೈಟ್ ಬೇಡ, ಮಾತು ಬೇಡ. ಹಸಿದ ಮರಿಗಳು ಗೊರಕೆಯ ಹಾಗೆ ಸುಂಯ್‌ಗುಡುತ್ತವೆ, ತಾಯಿಗೆ ಅದೇ ಕರೆ. ಕತ್ತಲಾಗಿ ಮುಕ್ಕಾಲು ಗಂಟೆ ಆಗಿರಬೇಕು. ಒಂದಿಷ್ಟೂ ಸದ್ದಿಲ್ಲದೆ ಏನೋ ಬೆಳ್ಳಗೆ ನಮ್ಮ ತಲೆ ಮೇಲಿಂದ ಹಾದುಹೋಯಿತು. ಪೆಟ್ಟಿಗೆಯ ಅಂಚಿನ ಮೇಲೆ ಕೂತಿತು. ಬಾಯಲ್ಲಿ ಇಲಿಯ ಬಾಲ ಜೋತಾಡುತ್ತಿತ್ತು. ಸುಂಯ್ ಸದ್ದು ಒಮ್ಮೆಲೇ ಜೋರಾಯಿತು, ಆಮೇಲೆ ನಿಂತುಹೋಯಿತು.

ಬೆಳಗಾಗುವವರೆಗೂ ಯಾವ ಗೂಬೆಯೂ ಬರದಿದ್ದರೆ ಮರಿಗಳನ್ನು ಕೇಂದ್ರಕ್ಕೆ ಒಪ್ಪಿಸಬೇಕು.

ಮನೆಯಲ್ಲೇ ಸಾಕಬಾರದಾ?

ಬೇಡ. ಭಾರತದ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ, ಬ್ರಿಟನ್ನಿನ 1981ರ ವನ್ಯಜೀವಿ ಕಾಯ್ದೆ, ಅಮೆರಿಕದ 1918ರ ವಲಸೆ ಹಕ್ಕಿಗಳ ಕಾಯ್ದೆ, ಯಾವುದೂ ಕಾಡಿನ ಗೂಬೆಯನ್ನು ಸಾಕಿಕೊಳ್ಳಲು ಬಿಡೋದಿಲ್ಲ. ಆದರೆ ಕಾನೂನಿಗಿಂತ ದೊಡ್ಡ ಕಾರಣ ಮರಿಯ ಮನಸ್ಸು. ಕಣ್ಣು ತೆರೆದ ಮೇಲೆ ತನಗೆ ಉಣಿಸುವವರನ್ನೇ ತನ್ನ ಜಾತಿ ಅಂತ ಅದು ನಂಬುತ್ತದೆ. ಹಾಗೆ ಬೆಳೆದ ಗೂಬೆ ಮುಂದೆ ಗೂಬೆಗಳ ಜೊತೆ ಸೇರೋದಿಲ್ಲ, ಮನುಷ್ಯರಿಗೆ ಹೆದರೋದಿಲ್ಲ. ಅದನ್ನು ಹೊರಗೆ ಬಿಡುವುದೇ ಕಷ್ಟವಾಗುತ್ತದೆ.

ಅನುಭವ ಇರುವ ಕೇಂದ್ರಗಳಲ್ಲಿ ಮುಖ ಮರೆಮಾಡಿ, ಗೂಬೆಯ ತಲೆಯ ಹಾಗಿರುವ ಕೈಗೊಂಬೆ ಹಾಕಿಕೊಂಡು ಉಣಿಸುತ್ತಾರೆ. ಸಾಧ್ಯವಾದರೆ ಅಷ್ಟೇ ವಯಸ್ಸಿನ ಮರಿಗಳಿರುವ ಬೇರೆ ಗೂಡಿಗೆ ಸೇರಿಸುತ್ತಾರೆ. ಗೂಬೆ ಮರಿಗಳನ್ನು ಎಣಿಸೋದಿಲ್ಲ, ಬಾಯಿ ತೆರೆದದ್ದಕ್ಕೆ ಉಣಿಸುತ್ತದೆ. ಇದೂ ಆಗದಿದ್ದರೆ ದೊಡ್ಡ ಬಲೆಮನೆಯಲ್ಲಿ ಬೆಳೆಸಿ, ಹೊರಗೆ ಬಿಟ್ಟ ಮೇಲೂ ಅದು ಬೇಟೆ ಕಲಿಯುವ ತನಕ ಅದೇ ಜಾಗದಲ್ಲಿ ಆಹಾರ ಇಡುತ್ತಾರೆ. ಇಷ್ಟೆಲ್ಲ ಕೆಲಸ ಇದೆ. ಮರಿಯನ್ನು ಒಪ್ಪಿಸುವಾಗ ಸಿಕ್ಕ ಜಾಗ, ದಿನ, ಹೊತ್ತು ಬರೆದು ಕೊಡಿ. ಅದು ಇಲ್ಲದೆ ಅದನ್ನು ಅದರ ಊರಿಗೆ ವಾಪಸ್ ಕಳಿಸೋಕೆ ಆಗೋದಿಲ್ಲ.

ದಂಡೆಯಲ್ಲೂ ಇದೇ ಕ್ರಮ

ಮರುದಿನದಿಂದ ನಾವು ಕಡಲನ್ನು ನೋಡುವ ರೀತಿಯೇ ಬದಲಾಯಿತು. ನಮ್ಮ ಕಾಲ ಕೆಳಗೇ ಎಷ್ಟು ಸಂಸಾರಗಳಿದ್ದವು!

ಒಣ ಮರಳಿನ ಮೇಲೆ ನಡೆಯುವಾಗ ಮೊಟ್ಟೆ ನೋಡಿಕೊಂಡು ನಡೆಯಿರಿ. ಪ್ಲೋವರ್‌ನಂಥ ಪುಟ್ಟ ಹಕ್ಕಿಗಳು ಗೂಡು ಕಟ್ಟೋದಿಲ್ಲ. ಮರಳಲ್ಲಿ ಚಿಕ್ಕ ಗುಳಿ ಮಾಡಿ ಮೊಟ್ಟೆ ಇಡುತ್ತವೆ. ಮರಳಿನದೇ ಬಣ್ಣ, ಅದೇ ಚುಕ್ಕೆ. ಒಂದು ಹಕ್ಕಿ ರೆಕ್ಕೆ ಮುರಿದ ಹಾಗೆ ಎಳೆದುಕೊಂಡು ನಿಮ್ಮೆದುರು ಓಡಿದರೆ ಅದು ನಾಟಕ. ನಿಮ್ಮನ್ನು ಗೂಡಿನಿಂದ ದೂರ ಕರೆದೊಯ್ಯುತ್ತಿದೆ. ಅದರ ಹಿಂದೆ ಹೋಗಿ ಹಿಡಿಯಬೇಡಿ, ಅಲ್ಲೇ ನಿಂತೂ ಬಿಡಬೇಡಿ. ಹೆಜ್ಜೆ ಇಡುವ ಕಡೆ ನೋಡಿಕೊಂಡು ಬೇಗ ದೂರ ಸರಿಯಿರಿ. ನೀವು ಅಲ್ಲಿ ನಿಂತಷ್ಟು ಹೊತ್ತು ಮೊಟ್ಟೆಗೆ ನೆರಳಿಲ್ಲ, ಬಿಸಿಲಿಗೆ ಒಳಗಿನ ಮರಿ ಬೆಂದುಹೋಗುತ್ತದೆ.

ಕಡಲಾಮೆ ಮೊಟ್ಟೆ ಇಡುವ ದಂಡೆಯಾದರೆ ರಾತ್ರಿ ವರಾಂಡದ ಲೈಟ್ ಆರಿಸಿ, ಪರದೆ ಎಳೆಯಿರಿ. ಮರಳು ತಣ್ಣಗಾದ ಮೇಲೆ, ಹೆಚ್ಚಾಗಿ ರಾತ್ರಿ, ಮರಿಗಳು ಹೊರಬರುತ್ತವೆ. ಎಲ್ಲಿ ಬೆಳಕು ಜಾಸ್ತಿಯೋ ಅತ್ತ ಹರಿಯುತ್ತವೆ. ಮೊದಲೆಲ್ಲ ಆ ಬೆಳಕು ಕಡಲಿನ ಮೇಲಿನ ಆಕಾಶದ್ದೇ ಆಗಿರುತ್ತಿತ್ತು. ಈಗ ನಮ್ಮ ಬಲ್ಬು ಅವನ್ನು ರಸ್ತೆಗೆ ಕರೆಯುತ್ತದೆ. ಸಂಜೆ ಮನೆಗೆ ಹೋಗುವ ಮುಂಚೆ ಮಕ್ಕಳು ತೋಡಿದ ಗುಂಡಿ ಮುಚ್ಚಿಸಿ, ಮರಳಿನ ಕೋಟೆ ಸಮ ಮಾಡಿಸಿ. ಮೊಣಕಾಲುದ್ದದ ಗುಂಡಿ ಅಂದರೆ ಆಮೆ ಮರಿಗೆ ಬಾವಿ. ನೀರಿನ ಕಡೆ ಹೋಗುತ್ತಿರುವ ಮರಿಯನ್ನು ಎತ್ತಿ ನೀರಿಗೆ ಬಿಡಬೇಡಿ. ದಾರಿ ಬಿಟ್ಟು ನಿಲ್ಲಿ, ಫ್ಲಾಶ್ ಹಾಕಬೇಡಿ.

ಸೀಲ್ ಎಂಬ ಕಡಲ ಸಸ್ತನಿಗಳಿರುವ ಕಡಲಾದರೆ ಗೂಬೆ ಮರಿಯ ಕಥೆಯೇ ಮತ್ತೆ ಬರುತ್ತದೆ. ಸೀಲ್ ಮರಿ ಒಂಟಿಯಾಗಿ ದಡದಲ್ಲಿ ಮಲಗಿರುತ್ತದೆ. ತಾಯಿ ಮೀನಿಗೆ ಹೋಗಿರುತ್ತದೆ. ಸುತ್ತ ಜನ ಸೇರಿದರೆ ತಾಯಿ ವಾಪಸ್ ಬರೋದಿಲ್ಲ. ಐವತ್ತು ಮೀಟರಾದರೂ ದೂರ ಇರಿ, ನೀರಿಗೆ ತಳ್ಳಲೇಬೇಡಿ. ಡಾಲ್ಫಿನ್ನೋ ತಿಮಿಂಗಿಲವೋ ಜೀವಂತ ದಡಕ್ಕೆ ಬಿದ್ದಿದ್ದರೆ ಅದನ್ನೂ ತಳ್ಳಬಾರದು. ಬಾಲ, ಈಜುರೆಕ್ಕೆ ಹಿಡಿದು ಎಳೆಯಬಾರದು. ಕೂಡಲೇ ಫೋನ್ ಮಾಡಿ. ಅವರು ಹೇಳಿದರೆ ಒದ್ದೆ ಬಟ್ಟೆ ಹೊದಿಸಿ, ನೆರಳು ಮಾಡಿ. ತಲೆ ಮೇಲಿನ ಉಸಿರಿನ ತೂತಿಗೆ ನೀರು, ಮರಳು, ಬಟ್ಟೆ ಏನೂ ತಾಗದಿರಲಿ.

ಗಾಳದ ದಾರಕ್ಕೆ ಸಿಕ್ಕ ಕಡಲಹಕ್ಕಿಯ ದಾರ ಕತ್ತರಿಸಿ ಹಾರಲು ಬಿಡಬೇಡಿ. ಕೊಕ್ಕೆ ಒಳಗೇ ಉಳಿದಿರಬಹುದು, ಉಳಿದ ದಾರ ಮರಕ್ಕೆ ಸಿಕ್ಕಿಕೊಳ್ಳುತ್ತದೆ. ಟವೆಲ್, ಪೆಟ್ಟಿಗೆ, ಫೋನು. ಎಣ್ಣೆ ಮೆತ್ತಿದ ಹಕ್ಕಿಯನ್ನೂ ನೀವೇ ತೊಳೆಯಬೇಡಿ. ಬೆಚ್ಚಗಿಟ್ಟು ಒಪ್ಪಿಸಿ.

ಬಂಡೆಗಳ ನಡುವಿನ ನೀರಿನ ಗುಂಡಿಗಳನ್ನು ನೋಡಲು ಇಳಿತದ ಹೊತ್ತೇ ಸರಿ. ಎರಡು ಉಬ್ಬರಗಳ ನಡುವೆ ಹೆಚ್ಚಿನ ಕಡೆ ಸುಮಾರು 12 ಗಂಟೆ 25 ನಿಮಿಷ. ಹಾಗಾಗಿ ಇವತ್ತಿನ ಇಳಿತ ನಾಳೆ ಸುಮಾರು 50 ನಿಮಿಷ ತಡವಾಗಿ ಬರುತ್ತದೆ. ಹುಣ್ಣಿಮೆ ಅಮಾವಾಸ್ಯೆಯ ಸುಮಾರಿಗೆ ನೀರು ತುಂಬಾ ದೂರ ಇಳಿಯುತ್ತದೆ, ಅಷ್ಟೇ ಎತ್ತರಕ್ಕೆ ಏರುತ್ತದೆ ಕೂಡ. ತೀರಾ ಇಳಿಯುವ ಒಂದು ಗಂಟೆ ಮುಂಚೆ ಹೋಗಿ, ನೀರು ತಿರುಗಿದ ಕೂಡಲೇ ಹೊರಡಿ. ಕಲ್ಲು ಎತ್ತಿ ನೋಡಿದರೆ ಮೊದಲಿದ್ದ ಹಾಗೇ ಮೆಲ್ಲಗೆ ಇಡಿ. ಅದರ ಅಡಿಗೆ ಅಂಟಿಕೊಂಡವಕ್ಕೆ ಬಿಸಿಲು ತಾಗಿದರೆ ಒಣಗಿಹೋಗುತ್ತವೆ. ಖಾಲಿ ಚಿಪ್ಪುಗಳನ್ನು ಚೀಲ ತುಂಬಿಕೊಂಡು ಬರಬೇಡಿ. ಖಾಲಿ ಚಿಪ್ಪನ್ನೇ ಮನೆ ಮಾಡಿಕೊಳ್ಳುವ ಸನ್ಯಾಸಿ ಏಡಿ ಬೆಳೆದಂತೆಲ್ಲ ಅದಕ್ಕೆ ದೊಡ್ಡ ಚಿಪ್ಪು ಬೇಕು. ಬಿಸಿ ಕಡಲುಗಳಲ್ಲಿ ಶಂಕುವಿನ ಆಕಾರದ ಚಂದದ ಶಂಖ ಕಂಡರೆ ಕೈಗೆತ್ತಿಕೊಳ್ಳಬೇಡಿ, ಕೆಲವಕ್ಕೆ ಮನುಷ್ಯರನ್ನೇ ಕೊಲ್ಲುವಷ್ಟು ವಿಷವಿದೆ. ಸತ್ತು ಬಿದ್ದ ಲೋಳೆಮೀನೂ ಕುಟುಕುತ್ತದೆ. ಆಳ ಇಲ್ಲದ ಮರಳುನೀರಿನಲ್ಲಿ ಕಾಲು ಎಳೆದುಕೊಂಡು ನಡೆದರೆ ಬಾಲದಲ್ಲಿ ವಿಷದ ಮುಳ್ಳಿರುವ ತೊರಕೆ ಮೀನು ಸದ್ದಿಗೆ ತಾನಾಗೇ ಸರಿದುಹೋಗುತ್ತದೆ.

ಹೊರಡುವ ದಿನ

ಐದನೇ ದಿನ ಸಂಜೆ ಕೇಂದ್ರದವರು ಚಿಕ್ಕ ಮರಿಯನ್ನು ವಾಪಸ್ ತಂದರು. ಹೊಟ್ಟೆ ಬೆಚ್ಚಗಿತ್ತು, ಬುಸುಗುಟ್ಟಲೂ ಕಲಿತಿತ್ತು. ಏಣಿ ಹತ್ತಿ ಅದನ್ನು ಅಣ್ಣಂದಿರ ಪಕ್ಕ ಇಟ್ಟರು.

ನೀವು ಉಳಿದ ಕಡೆ ಗೂಡು ಕಂಡರೆ ಹೊರಡುವ ಮುಂಚೆ ಮನೆಯವರಿಗೆ ಹೇಳಿ ಹೋಗಿ. ಕಣಜ ಗೂಬೆಯ ಮರಿ ಹಾರಲು ಎಂಟು ಒಂಬತ್ತು ವಾರ ಬೇಕು. ಆಮೇಲೂ ಕೆಲವು ವಾರ ಅದೇ ಜಾಗಕ್ಕೆ ಬಂದುಹೋಗುತ್ತದೆ. ಅಲ್ಲಿಯವರೆಗೆ ಆ ಮೂಲೆ ಮುಚ್ಚಬಾರದು. ಇಲಿ ಪಾಷಾಣ ಇಡಬಾರದು ಅಂತಲೂ ಹೇಳಿ. ಪಾಷಾಣ ತಿಂದ ಇಲಿ ಕೂಡಲೇ ಸಾಯೋದಿಲ್ಲ, ತೂರಾಡುತ್ತಾ ಓಡಾಡುತ್ತದೆ, ಗೂಬೆ ಅದನ್ನೇ ಹಿಡಿದು ಮರಿಗಳಿಗೆ ತರುತ್ತದೆ. ನಮ್ಮ ಮನೆಯ ಯಜಮಾನರಿಗೆ ಇದನ್ನೆಲ್ಲ ಹೇಳಿದೆ. ಅವರು ಸ್ವಲ್ಪ ಹೊತ್ತು ಮಾಡನ್ನೇ ನೋಡಿದರು. ಕೆಲಸದವರನ್ನು ಕರೆದು, ಆ ಮೂಲೆ ಒಂದನ್ನು ಬಿಟ್ಟು ಉಳಿದ ಕಡೆ ಹಲಗೆ ಹೊಡೆಯಿರಿ, ಅದನ್ನು ಮೂರು ತಿಂಗಳು ಬಿಟ್ಟು ನೋಡೋಣ ಅಂದರು.